ಮೊದಲು ನೀರು ನೋಡಿ, ಆಮೇಲೆ ಮೀನು ಬಿಡಿ

ಸೊಳ್ಳೆ ಕಾಟದ ಬಗ್ಗೆ ನನ್ನನ್ನು ಸಂಪರ್ಕಿಸುವವರ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಎಷ್ಟು ಗಪ್ಪಿ ಮೀನು ಬಿಡಬೇಕು?’ ಉತ್ತರ ಹೇಳುವ ಮೊದಲು ಅವರನ್ನು ನೀರಿನ ಬಳಿಗೆ ಕರೆದೊಯ್ಯುತ್ತೇನೆ. ನನ್ನ ಕೈಯಲ್ಲಿರುವುದು ಉದ್ದ ಹಿಡಿಯ ಬಿಳಿ ಸೌಟು ಮತ್ತು ಒಂದು ಟಾರ್ಚ್, ಅಷ್ಟೇ. ನಮ್ಮ ನೆರಳು ನೀರಿನ ಮೇಲೆ ಬೀಳದಂತೆ ನಿಂತು, ಸೌಟನ್ನು ಅಂಚಿನಲ್ಲಿ ಓರೆಯಾಗಿ ಅದ್ದಿ ಎತ್ತಬೇಕು. ನೆರಳು ಬಿತ್ತೆಂದರೆ ಲಾರ್ವಾಗಳೆಲ್ಲ, ಅಂದರೆ ನೀರಿನಲ್ಲಿರುವ ಸೊಳ್ಳೆಯ ಮರಿಹುಳುಗಳೆಲ್ಲ, ಸರಸರನೆ ತಳಕ್ಕಿಳಿದುಬಿಡುತ್ತವೆ. ಸೌಟಿನಲ್ಲಿ ಬರುವುದು ತಿಳಿನೀರು ಮಾತ್ರ. ನೋಡಿದವರು ‘ಇಲ್ಲಿ ಏನೂ ಇಲ್ಲ’ ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.

ಸರಿಯಾಗಿ ಎತ್ತಿದ ಸೌಟು ಬಹಳಷ್ಟು ಹೇಳುತ್ತದೆ. ಲಾರ್ವಾ ನೀರಿನ ಮೇಲ್ಮೈಗೆ ಅಂಟಿಕೊಂಡು ಮಲಗಿದಂತೆ ಅಡ್ಡಲಾಗಿದ್ದರೆ ಅದು ಅನಾಫಿಲಿಸ್, ಮಲೇರಿಯಾ ಹರಡುವ ಕುಲ. ಬಾಲದ ತುದಿಯ ಉಸಿರಾಟದ ಕೊಳವೆಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಜೋತುಬಿದ್ದಿದ್ದರೆ ಈಡಿಸ್ ಅಥವಾ ಕ್ಯೂಲೆಕ್ಸ್. ಕೊಳವೆ ಮೊಟಕಾಗಿದ್ದರೆ ಡೆಂಗಿ, ಚಿಕುನ್‌ಗುನ್ಯಾಗಳನ್ನು ಹರಡುವ ಈಡಿಸ್. ಸಪೂರವಾಗಿ ಉದ್ದವಿದ್ದರೆ ಕ್ಯೂಲೆಕ್ಸ್. ಆನೆಕಾಲು ರೋಗ ಮತ್ತು ಮೆದುಳು ಜ್ವರ ಹರಡುವ ಸೊಳ್ಳೆಗಳು ಈ ಕ್ಯೂಲೆಕ್ಸ್ ಕುಲದಲ್ಲಿವೆ. ಮೂರೂ ಇಷ್ಟಪಡುವ ನೀರು ಬೇರೆ ಬೇರೆ. ಅನಾಫಿಲಿಸ್‌ನ ಹೆಚ್ಚಿನ ಪ್ರಭೇದಗಳಿಗೆ ಬಾವಿ, ಹೊಂಡ, ನಿಧಾನವಾಗಿ ಹರಿಯುವ ಕಾಲುವೆಗಳಂಥ ಶುದ್ಧ ನೀರು ಬೇಕು. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಚರಂಡಿಯ ಕೊಳಕಿನಲ್ಲೇ ಹಾಯಾಗಿರುತ್ತದೆ. ಈಡಿಸ್‌ಗೆ ಹೂಕುಂಡದ ತಟ್ಟೆ, ಹಳೆಯ ಟೈರ್, ಮುಚ್ಚಳವಿಲ್ಲದ ಡ್ರಮ್ ಸಾಕು. ನೀರು ಗೊತ್ತಾದ ಮೇಲೆಯೇ ಅಲ್ಲಿಗೆ ಯಾವ ಶತ್ರುವನ್ನು ಕಳಿಸಬೇಕೆಂಬ ಮಾತು.

ಮೀನು ಒಳ್ಳೆಯ ಕೆಲಸಗಾರ, ಅದರಲ್ಲಿ ಸಂಶಯವಿಲ್ಲ. ಗಪ್ಪಿ ಮತ್ತು ಲಾರ್ವಾ ತಿನ್ನುವ ಇನ್ನೊಂದು ಮೀನಾದ ಗಂಬೂಸಿಯಾಗಳ ಬಾಯಿಯನ್ನು ಹತ್ತಿರದಿಂದ ನೋಡಿ: ಕೆಳದವಡೆ ತುಸು ಮುಂದಕ್ಕೆ ಚಾಚಿ, ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ಉಸಿರಿಗಾಗಿ ಲಾರ್ವಾ ಮೇಲೆ ಬಂದೇ ಬರಬೇಕು, ಈ ಬಾಯಿ ಅಲ್ಲೇ ಕಾದಿರುತ್ತದೆ. ಚೆನ್ನಾಗಿ ಬೆಳೆದ ಒಂದು ಗಂಬೂಸಿಯಾ ದಿನಕ್ಕೆ 100ರಿಂದ 300 ಲಾರ್ವಾಗಳನ್ನು ತಿನ್ನಬಲ್ಲದು. ಗಪ್ಪಿ 80ರಿಂದ 100. ಎರಡೂ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಮೀನುಗಳಾದ್ದರಿಂದ ಒಮ್ಮೆ ನೆಲೆನಿಂತರೆ ಸಂತತಿ ಬೇಗ ಬೆಳೆಯುತ್ತದೆ. ಗಪ್ಪಿ ಕೊಳಕು ನೀರನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ, ಆದರೆ ಚಳಿ ತಡೆಯದು. ಗಂಬೂಸಿಯಾಗೆ ನೀರು ಚೊಕ್ಕಟವಾಗಿರಬೇಕು, ಚಳಿಯನ್ನು ಅದು ಹೆಚ್ಚು ತಾಳಿಕೊಳ್ಳುತ್ತದೆ.

ಇಷ್ಟು ಗುಣಗಳಿದ್ದೂ ಗಂಬೂಸಿಯಾ ಹೆಸರೆತ್ತಿದಾಗ ನಾನು ಮೊದಲು ಬೇಡ ಎನ್ನುತ್ತೇನೆ. ಅಮೆರಿಕದ ಈ ಮೀನನ್ನು 1905ರಲ್ಲಿ ಟೆಕ್ಸಾಸ್‌ನಿಂದ ಹವಾಯಿಗೆ ಒಯ್ದರು, 1920ರ ದಶಕದಲ್ಲಿ ಯುರೋಪಿಗೆ, ಆಸ್ಟ್ರೇಲಿಯಾಕ್ಕೆ. ಸೊಳ್ಳೆಯ ಶತ್ರು ಎಂಬ ಒಂದೇ ಕಾರಣಕ್ಕೆ ಕೆರೆ, ತೊರೆಗಳಿಗೆಲ್ಲ ಬಿಟ್ಟರು. ಅದು ಲಾರ್ವಾ ಮಾತ್ರ ತಿನ್ನಲಿಲ್ಲ. ಬೇರೆ ಮೀನುಗಳ ಮೊಟ್ಟೆ ತಿಂದಿತು, ಮರಿ ತಿಂದಿತು, ಗೊದಮೊಟ್ಟೆಗಳನ್ನು ತಿಂದಿತು, ತನಗಿಂತ ದೊಡ್ಡ ಮೀನುಗಳ ರೆಕ್ಕೆ ಕಚ್ಚಿ ಹರಿಯಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕೆಲವೇ ಚಿಲುಮೆಗಳಲ್ಲಿ ಉಳಿದಿರುವ ‘ರೆಡ್‌ಫಿನ್ಡ್ ಬ್ಲೂ ಐ’ ಎಂಬ ಪುಟ್ಟ ಮೀನು ವಿನಾಶದಂಚಿಗೆ ಬಂದಿರುವುದಕ್ಕೆ ಮುಖ್ಯ ಕಾರಣ ಗಂಬೂಸಿಯಾ. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಲಾರ್ವಾ ತಿನ್ನುವ ಸ್ಥಳೀಯ ಮೀನು, ನೀರಿನ ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಕೆರೆಗೆ ಹೊರಗಿನ ಮೀನು ಸುರಿದರೆ, ಸಂಬಳವಿಲ್ಲದೆ ದುಡಿಯುತ್ತಿದ್ದ ಕಾವಲುಗಾರರನ್ನು ನಾವೇ ಕೊಂದಂತೆ. ಗಪ್ಪಿಗೂ ನನ್ನ ನಿಯಮ ಇದೇ: ಹೊರಗೆ ಹರಿದುಹೋಗದ ತೊಟ್ಟಿ, ಬಾವಿ, ಕಾರಂಜಿಗಳಿಗೆ ಮಾತ್ರ. ಕೆರೆ, ಹಳ್ಳ, ಹೊಳೆಗಳಿಗೆ ಖಂಡಿತ ಕೂಡದು.

ಮೀನು ಬಿಡುವುದರಲ್ಲೂ ಒಂದು ಕ್ರಮವಿದೆ. ವೃತ್ತಿಯ ಆರಂಭದ ದಿನಗಳಲ್ಲಿ ನಾನೇ ಒಂದು ದೊಡ್ಡ ತೊಟ್ಟಿಗೆ ಇನ್ನೂರು ಗಪ್ಪಿ ಬಿಟ್ಟಿದ್ದೆ. ಹಿಂದಿನ ದಿನ ಆ ನೀರಿಗೆ ಕ್ಲೋರಿನ್ ಹಾಕಿದ್ದನ್ನು ವಿಚಾರಿಸಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಬೆಳ್ಳನೆಯ ಹೊಟ್ಟೆಗಳು ಮೇಲಾಗಿ ತೇಲುತ್ತಿದ್ದವು. ಅವನ್ನು ಜಾಲರಿಯಿಂದ ತೆಗೆಯುತ್ತಾ ಕಲಿತ ಪಾಠವನ್ನು ಇಂದಿಗೂ ಮರೆತಿಲ್ಲ. ಕ್ಲೋರಿನ್ ಇಳಿಯಲು ಬಿಡಿ, ಕೀಟನಾಶಕ ಸಿಂಪಡಿಸಿದ ನೀರಿಗೆ ಬಿಡಬೇಡಿ. ಮೀನಿರುವ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ಹಾಗೇ ತೇಲಿಸಿಟ್ಟು, ಒಳಗಿನ ಹೊರಗಿನ ನೀರಿನ ಬಿಸುಪು ಒಂದಾದ ಮೇಲೆ ಬಾಯಿ ಬಿಚ್ಚಿ. ಚದರ ಮೀಟರ್‌ಗೆ ಐದಾರು ಮೀನು ಸಾಕು, ಗಂಡು ಹೆಣ್ಣು ಎರಡೂ ಇರಲಿ. ದಯವಿಟ್ಟು ಮೇವು ಹಾಕಬೇಡಿ. ಪುಡಿ ಆಹಾರ ತಿಂದು ಹೊಟ್ಟೆ ತುಂಬಿದ ಮೀನು ಲಾರ್ವಾದ ಹಿಂದೆ ಓಡುವುದಿಲ್ಲ.

ಇನ್ನೊಂದು ಕಡೆ ಬಂದ ದೂರು ಬೇರೆಯೇ: ‘ಹೊಂಡದ ತುಂಬ ಮೀನಿದೆ, ಆದರೂ ಸೊಳ್ಳೆ ಕಡಿಮೆಯಾಗಿಲ್ಲ.’ ನಡುನೀರಿನಲ್ಲಿ ಸೌಟು ಹಾಕಿದರೆ ಒಂದೂ ಲಾರ್ವಾ ಇಲ್ಲ. ಅಂಚಿನಲ್ಲಿ ಹುಲ್ಲು ನೀರಿನೊಳಕ್ಕೆ ಬಾಗಿ ಬೆಳೆದಿತ್ತು. ಅದನ್ನು ಕೈಯಿಂದ ಸರಿಸಿ ಅಂಗೈಯಗಲದ ಜಾಗದಲ್ಲಿ ಸೌಟು ಅದ್ದಿದೆ. ನಲವತ್ತಕ್ಕೂ ಹೆಚ್ಚು ಬಂದವು. ಆ ಹುಲ್ಲಿನ ಸಂದಿಗೆ ಮೀನು ನುಗ್ಗಲಾರದು. ಅಂಚಿನ ಹುಲ್ಲು, ತೇಲುವ ಕಳೆ, ಪಾಚಿಯ ಮುದ್ದೆಗಳನ್ನು ತೆಗೆಯದೆ ಮೀನು ಬಿಡುವುದು ದಂಡ.

ಮೀನಿನ ಮೇಲೆ ಎಲ್ಲ ಭಾರ ಹೊರಿಸುವವರಿಗೆ ಒಂದು ವಿಷಯ ತಿಳಿದಿರಬೇಕು. ಮಲೇರಿಯಾ ತಡೆಗೆ ಮೀನುಗಳ ಬಳಕೆಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ ಒಟ್ಟಿಗೆ ಪರಿಶೀಲಿಸಿತು. ಕೆಲವು ಬಗೆಯ ನೀರಿನಲ್ಲಿ ಲಾರ್ವಾಗಳನ್ನು ಮೀನು ತಗ್ಗಿಸಬಹುದು, ಆದರೆ ಜನರಲ್ಲಿ ಮಲೇರಿಯಾ ಕಡಿಮೆಯಾಯಿತು ಎನ್ನಲು ವಿಶ್ವಾಸಾರ್ಹ ಪುರಾವೆ ಇಲ್ಲ ಎಂಬುದು ಅದರ ನಿಲುವು. ಹಾಗೆಂದು ಮೀನು ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಂದು ಊರಿನ ಸೊಳ್ಳೆಯ ಬಹುಪಾಲು ಹುಟ್ಟುವುದು ಗುರುತಿಸಬಲ್ಲ ಕೆಲವೇ ಬಾವಿ, ತೊಟ್ಟಿಗಳಲ್ಲಿ ಎಂದಾದರೆ ಮೀನಿನಿಂದ ಫಲ ನಿರೀಕ್ಷಿಸಬಹುದು. ಮಳೆ ಬಿದ್ದಲ್ಲೆಲ್ಲ ಸಾವಿರ ಗುಂಡಿಗಳಲ್ಲಿ ಹುಟ್ಟುವ ಸೊಳ್ಳೆಯ ಬೆನ್ನಟ್ಟಲು ಮೀನಿನಿಂದ ಆಗದು. ಸೊಳ್ಳೆಪರದೆಯನ್ನಂತೂ ಬಿಡುವಂತಿಲ್ಲ.

ಮೀನು ಹೋಗದ ನೀರಿಗೆ ನನ್ನ ಆಯ್ಕೆ ಬಿಟಿಐ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲ್‌ನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸತ್ತುಬಿದ್ದಿದ್ದ ಲಾರ್ವಾಗಳ ಜಾಡು ಹಿಡಿದು ಜೋಯೆಲ್ ಮಾರ್ಗಲಿತ್ ಮತ್ತು ಲೆನರ್ಡ್ ಗೋಲ್ಡ್‌ಬರ್ಗ್ ಇದನ್ನು ಕಂಡುಹಿಡಿದರು. ಲಾರ್ವಾ ನುಂಗಿದ ಬ್ಯಾಕ್ಟೀರಿಯಾದ ಪ್ರೋಟೀನ್ ಹರಳುಗಳು ಅದರ ಕ್ಷಾರೀಯ ಕರುಳಿನಲ್ಲಿ ಕರಗಿ, ಕರುಳಿನ ಗೋಡೆಗೆ ರಂಧ್ರ ಕೊರೆಯುತ್ತವೆ. ನಮ್ಮ ಜಠರ ಆಮ್ಲೀಯವಾದ್ದರಿಂದ ಮನುಷ್ಯರಿಗೆ ಅದರ ಭಯವಿಲ್ಲ. ಮಿತಿಯೂ ಇದೆ: ಇದರ ಪರಿಣಾಮ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಮತ್ತೆ ಮತ್ತೆ ಹಾಕಲು ಜನ ಬೇಕು.

ನನಗೆ ಅಚ್ಚುಮೆಚ್ಚಿನ ಉದಾಹರಣೆ ವಿಯೆಟ್ನಾಂನದು. 1990ರ ದಶಕದಲ್ಲಿ ಅಲ್ಲಿನ ಉತ್ತರ ಭಾಗದ ಫಾನ್ ಬೋಯಿ ಎಂಬ ಹಳ್ಳಿಯಲ್ಲಿ ವು ಸಿನ್ ನಾಮ್, ಬ್ರಯನ್ ಕೇ ಮತ್ತು ಸಂಗಡಿಗರು ನೀರಿನ ತೊಟ್ಟಿಗಳಿಗೆ ಬಿಟ್ಟಿದ್ದು ಮೀನಲ್ಲ, ಮೆಸೊಸೈಕ್ಲಾಪ್ಸ್. ಒಂದೆರಡು ಮಿಲಿಮೀಟರ್ ಉದ್ದದ, ಸಿಗಡಿಯ ದೂರದ ಸಂಬಂಧಿ. ಆಗಷ್ಟೇ ಮೊಟ್ಟೆಯೊಡೆದು ಬಂದ ಲಾರ್ವಾವನ್ನು ಹಿಡಿದು ತಿನ್ನುತ್ತದೆ. ಬಲಿತ ಲಾರ್ವಾ ಅದರ ಹಿಡಿತಕ್ಕೆ ಸಿಗದು. ಹಳ್ಳಿಗರು ಎಸೆದ ಡಬ್ಬಿ, ಒಡಕು ಪಾತ್ರೆಗಳನ್ನೂ ಹೆಕ್ಕಿ ತೆಗೆದರು. ಆ ಹಳ್ಳಿಯಿಂದ ಡೆಂಗಿ ಸೊಳ್ಳೆ ಕಾಣೆಯಾಯಿತು. ಆದರೆ ನಾರುಹುಣ್ಣಿನ ಹುಳು ಮನುಷ್ಯರನ್ನು ಸೇರುವುದು ಇದೇ ಸೈಕ್ಲಾಪ್ಸ್ ಕುಟುಂಬದ ಜೀವಿಗಳ ಮೂಲಕ. ಆ ರೋಗ ಇರುವೆಡೆ ಈ ವಿಧಾನವನ್ನು ಯೋಚಿಸುವಂತೆಯೇ ಇಲ್ಲ.

ವೊಲ್ಬಾಚಿಯಾ ಬಗ್ಗೆ ಈಚೆಗೆ ತುಂಬ ಮಂದಿ ಕೇಳುತ್ತಾರೆ. ಈ ಬ್ಯಾಕ್ಟೀರಿಯಾ ಹೊತ್ತ ಈಡಿಸ್‌ನಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇ 77ರಷ್ಟು ಇಳಿಯಿತೆಂದು 2021ರಲ್ಲಿ ವರದಿಯಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಭರವಸೆಯ ಫಲಿತಾಂಶ ಅದು. ಆದರೆ ಅದು ದೊಡ್ಡ ಸಂಸ್ಥೆಗಳು, ಸರ್ಕಾರಗಳು ಮಾಡಬೇಕಾದ ಕೆಲಸ. ಮನೆಯ ತೊಟ್ಟಿಗೆ ಸಿಗುವ ಮದ್ದಲ್ಲ. ಬಾವಲಿ, ಕಪ್ಪೆಗಳೇ ಸೊಳ್ಳೆಯನ್ನು ಮುಗಿಸುತ್ತವೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ, ಆದರೂ ಅವು ಅಲ್ಲಿರಲಿ.

ಮೀನು ಬಿಟ್ಟವರು ಮೂರು ವಾರದ ನಂತರ ಸೌಟು ಹಿಡಿದು ಮತ್ತೆ ನೀರಿನ ಬಳಿ ಹೋಗಬೇಕು. ಆಗ ಲಾರ್ವಾಗಿಂತ ಹೆಚ್ಚಾಗಿ ಪ್ಯೂಪಾ, ಅಂದರೆ ಲಾರ್ವಾ ಸೊಳ್ಳೆಯಾಗುವ ಮುಂಚಿನ ಹಂತವನ್ನು ಹುಡುಕಿ: ಅಲ್ಪವಿರಾಮ ಚಿಹ್ನೆಯಂತೆ ಬಾಗಿರುತ್ತದೆ, ಮುಟ್ಟಿದರೆ ಪಲ್ಟಿ ಹೊಡೆಯುತ್ತಾ ಕೆಳಗಿಳಿಯುತ್ತದೆ. ಅದು ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಬಿಟಿಐಗೂ ಸಾಯುವುದಿಲ್ಲ. ಬೆಚ್ಚನೆಯ ದಿನಗಳಲ್ಲಿ ಒಂದೆರಡು ದಿನಕ್ಕೆ ಸೊಳ್ಳೆಯಾಗಿ ಹಾರುತ್ತದೆ. ಸಣ್ಣ ಲಾರ್ವಾಗಳು ಕಂಡು ಒಂದೂ ಪ್ಯೂಪಾ ಕಾಣದಿದ್ದರೆ ಮೀನು ಕೆಲಸ ಮಾಡುತ್ತಿದೆ. ಹತ್ತು ಸೌಟಿನಲ್ಲಿ ನಾಲ್ಕೈದು ಪ್ಯೂಪಾ ಸಿಕ್ಕಿದರೆ ಮೀನು ತಲುಪದ ಮೂಲೆಯೊಂದು ಆ ನೀರಿನಲ್ಲೇ ಇದೆ. ಮೊದಲು ಅಂಚಿನ ಹುಲ್ಲನ್ನು ಸರಿಸಿ ನೋಡಿ.