ಚೌಷೆಸ್ಕುವನ್ನು ಇಳಿಸಿದ್ದು ಜನರೋ, ಸಂಚೋ?

ಪ್ರಶ್ನೆ: 1989ರಲ್ಲಿ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಷೆಸ್ಕು ಪತನವಾದದ್ದು ನಿಜಕ್ಕೂ ಜನರ ದಂಗೆಯಿಂದಲೇ? ಅದೆಲ್ಲ ಮೊದಲೇ ಹೂಡಿದ್ದ ಸಂಚು ಎನ್ನುತ್ತಾರಲ್ಲ?

ಉತ್ತರ: ಅದೇ ವರ್ಷ ಬಿದ್ದ ಬರ್ಲಿನ್ ಗೋಡೆಯ ಬಗ್ಗೆ ಬರೆದಾಗಲೆಲ್ಲ ಬೆನ್ನಿಗೇ ಈ ಪ್ರಶ್ನೆ ಬರುತ್ತದೆ. ಹಾಗೆನ್ನುವವರು ಯಾರೆಂದು ಮಾತ್ರ ಯಾರೂ ಬರೆಯುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ಇಳಿಸಿದ್ದು ಜನರೇ. ಈ ಸಲ ತಾರೀಖು ಹಿಡಿದು ಹೇಳುತ್ತೇನೆ. ರೇಷನ್ ಸಾಲು, ಕರೆಂಟ್ ಕಡಿತ, ಸೆಕ್ಯುರಿಟಾಟೆ ಎಂಬ ರಹಸ್ಯ ಪೊಲೀಸ್ ಪಡೆಯ ಗೂಢಚಾರರು ನಿಮಗೆ ಗೊತ್ತಿರುವ ವಿಷಯ, ಬಿಡುತ್ತೇನೆ.

ಸಂಚಿನ ವಾದಿಗಳು ಬೆರಳು ತೋರಿಸುವುದು ಚೌಷೆಸ್ಕು ನಂತರ ದೇಶದ ಚುಕ್ಕಾಣಿ ಹಿಡಿದ ಇಯಾನ್ ಇಲಿಯೆಸ್ಕು ಕಡೆಗೆ. ಡಿಸೆಂಬರ್ 22ರಂದು ಟಿವಿಯಲ್ಲಿ ಕಾಣಿಸಿಕೊಂಡು ಅಧಿಕಾರ ಹಿಡಿದವರು ಹಳೆಯ ಕಮ್ಯುನಿಸ್ಟ್ ನಾಯಕರಲ್ಲವೇ ಎಂದು ಕೇಳುತ್ತಾರೆ. ಹೌದು, ಹಳಬರೇ. ಆದರೆ ಖಾಲಿ ಕುರ್ಚಿಯಲ್ಲಿ ಬಂದು ಕುಳಿತವರೇ ಅದನ್ನು ಖಾಲಿ ಮಾಡಿಸಿದವರು ಎನ್ನುವುದು ಯಾವ ಲೆಕ್ಕ?

ಒಂದು ವಾರ ಹಿಂದಕ್ಕೆ ಬನ್ನಿ. ಟಿಮಿಶ್ವಾರಾ ನಗರದಲ್ಲಿ ಲಾಸ್ಲೋ ಟ್ಯೊಕೆಶ್ ಎಂಬ ಹಂಗೇರಿಯನ್ ಭಾಷಿಕ ಪಾದ್ರಿಯನ್ನು ಮನೆಯಿಂದ ಎಬ್ಬಿಸಲು ಸರ್ಕಾರ ಹೊರಟಿತು. ಅವರ ಸಭೆಯ ಭಕ್ತರು ಮನೆಯ ಸುತ್ತ ಕಾವಲು ನಿಂತರು. ಅವರ ಭಾಷೆಯೂ ಅಲ್ಲದ, ಚರ್ಚಿಗೂ ಸೇರದ ರೊಮೇನಿಯನ್ನರು ಬಂದು ಜೊತೆಗೂಡಿದರು. 17ರಂದು ಸೈನ್ಯ ಗುಂಡು ಹಾರಿಸಿತು. ಸತ್ತವರಲ್ಲಿ ಸುಮಾರು 40 ಮಂದಿಯ ಶವಗಳನ್ನು ಗುಟ್ಟಾಗಿ ರಾಜಧಾನಿ ಬುಖಾರೆಸ್ಟ್‌ಗೆ ಸಾಗಿಸಿ, ಸುಟ್ಟು, ಬೂದಿಯನ್ನು ಚರಂಡಿಗೆ ಸುರಿದರು. ಇಷ್ಟಾದರೂ 20ರಂದು ಕಾರ್ಖಾನೆಗಳ ಕಾರ್ಮಿಕರು ಸಾಲುಸಾಲಾಗಿ ಬೀದಿಗಿಳಿದರು, ಸೈನಿಕರು ಹಿಂದೆ ಸರಿದರು. ಅಷ್ಟು ಹೊತ್ತಿಗೆ ಇಲಿಯೆಸ್ಕು ಏನಾಗಿದ್ದರು ಗೊತ್ತೇ? ತಾಂತ್ರಿಕ ಪುಸ್ತಕಗಳ ಪ್ರಕಾಶನ ಸಂಸ್ಥೆಯೊಂದರ ನಿರ್ದೇಶಕರು!

21ರ ಬುಖಾರೆಸ್ಟ್ ಸಭೆಯನ್ನು ಕರೆದದ್ದಾದರೂ ಯಾರು? ಸ್ವತಃ ಚೌಷೆಸ್ಕು, ಅದೂ ನೇರ ಪ್ರಸಾರದ ಏರ್ಪಾಡಿನೊಂದಿಗೆ. ಗುಂಪಿನಲ್ಲಿ ಗದ್ದಲ ಎದ್ದಾಗ ಅವನ ಮುಖ ಪೆಚ್ಚಾದದ್ದನ್ನು ದೇಶವೇ ನೋಡಿತು. ಮರುದಿನ ರಕ್ಷಣಾ ಸಚಿವ ಮಿಲ್ಯಾ ಗುಂಡೇಟಿನಿಂದ ಸತ್ತ ಸುದ್ದಿ ಬಂತು, ಸೈನ್ಯ ಜನರ ಕಡೆ ವಾಲಿತು, ಚೌಷೆಸ್ಕು ಮತ್ತು ಅವನ ಹೆಂಡತಿ ಪಕ್ಷದ ಕಚೇರಿಯ ತಾರಸಿಯಿಂದ ಹೆಲಿಕಾಪ್ಟರ್ ಹತ್ತಿದರು. 25ರಂದು ಟರ್ಗೊವಿಷ್ಟೆಯಲ್ಲಿ ಅವಸರದ ವಿಚಾರಣೆ, ಇಬ್ಬರಿಗೂ ಗುಂಡು.

ಅನುಮಾನ ಪಡಲೇಬೇಕೆಂದಿದ್ದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ. ಸತ್ತವರು ಒಟ್ಟು 1,100ಕ್ಕೂ ಹೆಚ್ಚು. ಅವರಲ್ಲಿ ಸರ್ವಾಧಿಕಾರಿ ಓಡಿಹೋಗುವ ಮುನ್ನ ಸತ್ತವರು 162 ಮಂದಿ ಮಾತ್ರ. ಮಿಕ್ಕವರನ್ನು ಕೊಂದವರು ಯಾರು? ‘ಭಯೋತ್ಪಾದಕರು’ ಎಂದು ಟಿವಿ ಹಗಲಿರುಳು ಕೂಗುತ್ತಿತ್ತು. ಆ ಹೆಸರಿನಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. 2018ರಲ್ಲಿ ಇಲಿಯೆಸ್ಕು ಮೇಲೆ ದೋಷಾರೋಪ ಹೊರಿಸಿದ್ದೂ ಈ ದಿನಗಳ ಬಗ್ಗೆಯೇ. ಒಂದು ಉದಾಹರಣೆ ನೋಡಿ: 23ರ ಬೆಳಿಗ್ಗೆ ಬುಖಾರೆಸ್ಟಿನ ಒಟೊಪೆನಿ ವಿಮಾನ ನಿಲ್ದಾಣದ ಕಾವಲು ಬಲಪಡಿಸಲು ಟ್ರಕ್ಕುಗಳಲ್ಲಿ ಬಂದವರ ಮೇಲೆ ಅಲ್ಲಿದ್ದ ಸೈನಿಕರು ಶತ್ರುಗಳೆಂದು ತಿಳಿದು ಗುಂಡು ಹಾರಿಸಿದರು. ನೆರವಿಗೆ ಬಂದವರಲ್ಲಿ ಬಹಳಷ್ಟು ಜನ ಇನ್ನೂ ತರಬೇತಿಯಲ್ಲಿದ್ದ ಹುಡುಗರು. 40ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು.