ಕೋಡ್ ಎಲ್ಲರಿಗೂ ಕಂಡರೆ ಕಳ್ಳರಿಗೆ ಸುಲಭ ಅಲ್ವಾ?

ಪ್ರಶ್ನೆ: ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಕೋಡನ್ನು ಯಾರು ಬೇಕಾದರೂ ಓದಬಹುದು ಅಂತೀರಿ. ಹಾಗಾದರೆ ಹ್ಯಾಕರ್‌ಗಳೂ ಓದುತ್ತಾರಲ್ಲ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಗಲ್ವಾ?

ಉತ್ತರ: ಇದಕ್ಕೆ ಉತ್ತರ ಬರೆಯುತ್ತಿರುವುದು ಎಷ್ಟನೇ ಸಲವೋ, ನನಗೂ ಲೆಕ್ಕ ತಪ್ಪಿದೆ. ಆಗಲ್ಲ ಸ್ವಾಮಿ. ಕಳ್ಳನಿಗೆ ಸಿಕ್ಕಿದ್ದು ಬೀಗದ ಒಳಗೆ ಏನೇನಿದೆ ಅನ್ನುವ ಚಿತ್ರ. ಬೀಗದ ಕೈ ಇನ್ನೂ ನಿಮ್ಮ ಜೇಬಲ್ಲೇ ಇದೆ. ಬರೀ ಚಿತ್ರ ನೋಡಿ ತೆಗೆಯೋಕೆ ಆಗುವಂಥದ್ದಾದರೆ ಅದನ್ನು ಬೀಗ ಅನ್ನಬೇಡಿ.

ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ ಇದನ್ನು ಒಬ್ಬರು ಹೇಳಿ ಮುಗಿಸಿದ್ದಾರೆ. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಮೇಷ್ಟ್ರು ಫ್ರೆಂಚ್ ಸೇನಾ ಪತ್ರಿಕೆಯೊಂದರಲ್ಲಿ ಗುಪ್ತಲಿಪಿಯ ಬಗ್ಗೆ ಬರೆದರು. ಲಿಪಿಯ ವಿಧಾನವೇ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿ ಇರಬೇಕಾದ್ದು ಕೀ ಮಾತ್ರ ಅನ್ನುವುದು ಅವರ ಲೇಖನದ ತಿರುಳು. ಇವತ್ತು ನಿಮ್ಮ ವೈಫೈ ಮಾತುಕತೆಯನ್ನು ಕಾಯುವ ಎಇಎಸ್ ಎಂಬ ಗುಪ್ತಲಿಪಿ ಹುಟ್ಟಿದ್ದೂ ಹೀಗೇ. ಅಮೆರಿಕದ ಮಾನಕ ಸಂಸ್ಥೆ ಬಹಿರಂಗ ಸ್ಪರ್ಧೆ ಇಟ್ಟಿತು. 15 ವಿಧಾನಗಳು ಕಣಕ್ಕಿಳಿದವು. ಜಗತ್ತಿನ ತಜ್ಞರೆಲ್ಲ ಅವನ್ನು ಮುರಿಯಲು ನೋಡಿದರು. ಕೊನೆಗೆ 2000ದಲ್ಲಿ ಗೆದ್ದದ್ದು ಬೆಲ್ಜಿಯಂನ ಇಬ್ಬರು, ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಮಾಡಿದ ವಿಧಾನ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕಳ್ಳರಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದು ಏನು ಮಾಡುತ್ತಾರೆ?

ಈಗ ಮುಚ್ಚಿಟ್ಟವರ ಕಥೆ ಕೇಳಿ. ನೆದರ್ಲೆಂಡ್ಸ್‌ನ ಬಸ್ಸು, ರೈಲು ಕಾರ್ಡ್‌ಗಳಲ್ಲಿ ಮೈಫೇರ್ ಕ್ಲಾಸಿಕ್ ಎಂಬ ಚಿಪ್ ಇತ್ತು. ಅದರ ಗುಪ್ತಲಿಪಿಯನ್ನು ಕಂಪನಿ ಯಾರಿಗೂ ತೋರಿಸಿರಲಿಲ್ಲ. ಆದರೂ ಸಂಶೋಧಕರು ಪತ್ತೆ ಮಾಡಿಯೇಬಿಟ್ಟರು. ಕೆಲವರು ಚಿಪ್ಪನ್ನೇ ಪದರ ಪದರವಾಗಿ ಕೆರೆದು, ಮೈಕ್ರೋಸ್ಕೋಪ್‌ನಲ್ಲಿ ಫೋಟೋ ತೆಗೆದು ಕಂಡುಕೊಂಡರು. ನೈಮೇಖನ್ ಊರಿನ ವಿಶ್ವವಿದ್ಯಾಲಯದವರು ಲೇಖನ ಪ್ರಕಟಿಸಲು ಹೊರಟಾಗ ಕಂಪನಿ ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋಯಿತು. 2008ರ ಜುಲೈನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ನಷ್ಟ ಆಗುತ್ತಿರುವುದು ಲೇಖನದಿಂದಲ್ಲ, ಹುಳುಕಿರುವ ಚಿಪ್ ಮಾರಿದ್ದರಿಂದ ಅನ್ನುವ ಧಾಟಿಯಲ್ಲಿ ತೀರ್ಪು ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣಲ್ವಾ?

ಸರಿ, ಹಾಗಂತ ಇನ್ನೊಂದು ತುದಿಗೆ ಹಾರಬೇಡಿ. 'ಎಲ್ಲರೂ ನೋಡ್ತಾರೆ, ಆದ್ದರಿಂದ ತಪ್ಪೇ ಇರಲ್ಲ' ಅನ್ನುವವರೂ ನನ್ನ ತಲೆ ತಿಂದಿದ್ದಾರೆ. ನೋಡಬಹುದು ಅನ್ನುವುದು ಬೇರೆ, ನೋಡಿದ್ದಾರೆ ಅನ್ನುವುದು ಬೇರೆ. ವೆಬ್‌ಸೈಟ್‌ಗಳ ಜತೆಗಿನ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ತಪ್ಪು 2012ರಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲೇ ಇತ್ತು. ಜಗತ್ತಿಗೆ ಗೊತ್ತಾಗಿದ್ದು 2014ರ ಏಪ್ರಿಲ್‌ನಲ್ಲಿ. ಎರಡು ವರ್ಷ ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು.

ಹಾಗೇ 'ಯಾರು ಬೇಕಾದರೂ ಬದಲಾಯಿಸಬಹುದಲ್ಲ' ಅನ್ನುವ ಭಯವೂ ಅರ್ಧ ಸತ್ಯ. ಬದಲಾಯಿಸಬಹುದು, ನಿಮ್ಮ ಪ್ರತಿಯನ್ನು. ಮೂಲಕ್ಕೆ ಸೇರಬೇಕಾದರೆ ಅದನ್ನು ನೋಡಿಕೊಳ್ಳುವವರು ಒಪ್ಪಬೇಕು. ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ಗೆ ಕಳ್ಳಬಾಗಿಲು ಇಡಲು ಹೊರಟವನು ಎರಡು ವರ್ಷಕ್ಕೂ ಜಾಸ್ತಿ ಕಾಲ ಒಳ್ಳೆಯ ಹುಡುಗನ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಬೇಕಾಯಿತು. 2024ರ ಮಾರ್ಚ್‌ನಲ್ಲಿ ಅವನ ಕಳ್ಳಬಾಗಿಲು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಅನ್ನಿಸಿ, ಬಿಡದೆ ಬೆನ್ನು ಹತ್ತಿದ್ದರು. ಅರ್ಧ ಸೆಕೆಂಡ್! ನಾವಾಗಿದ್ದರೆ ನೆಟ್ ಸ್ಲೋ ಅಂತ ಬೈದು ಸುಮ್ನಾಗುತ್ತಿದ್ದೆವು.

ಇಲ್ಲಿ ಗಮನಿಸಬೇಕಾದ್ದು, ಆ ಕಳ್ಳ ತನ್ನ ಸರಕನ್ನು ಎಲ್ಲಿ ಬಚ್ಚಿಟ್ಟಿದ್ದ ಅನ್ನುವುದು. ಓದಲು ಬರುವ ಕೋಡ್‌ನಲ್ಲಿ ಅಲ್ಲ. ಪರೀಕ್ಷೆಗೆ ಅಂತ ಇಟ್ಟಿದ್ದ ಬೈನರಿ ಫೈಲ್‌ಗಳಲ್ಲಿ, ಮನುಷ್ಯರು ತೆರೆದು ನೋಡಿದರೂ ಅರ್ಥವಾಗದ ಜಾಗದಲ್ಲಿ. ತೆರೆದ ಕೋಡ್ ಅಂದರೆ ಕಳ್ಳನಿಗೆ ಅನುಕೂಲ ಅನ್ನುವವರು ಇದಕ್ಕೆ ಏನಂತಾರೋ ನೋಡಬೇಕು.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ. ಎಕ್ಸ್‌ಝಡ್ ಅನ್ನು ಅಷ್ಟು ವರ್ಷ ನೋಡಿಕೊಂಡಿದ್ದು ಒಬ್ಬರೇ ಒಬ್ಬರು, ಅದೂ ಸಂಬಳವಿಲ್ಲದೆ. ಅವರು ದಣಿದಿದ್ದರು. ಅದನ್ನೇ ಕಳ್ಳ ಬಳಸಿಕೊಂಡ. ಇಂಥವರ ಖರ್ಚು ಯಾರು ನೋಡಬೇಕು?

ಯುರೋಪಿನ ರಾಜಕಾರಣಿಗಳು ಓಪನ್ ಸೋರ್ಸ್ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಮ್ಯೂನಿಕ್ ನಗರಸಭೆ 2003ರಲ್ಲಿ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಹೋಗಲು ತೀರ್ಮಾನಿಸಿ, ಸುಮಾರು 15,000 ಕಂಪ್ಯೂಟರ್ ಬದಲಾಯಿಸಿ, 2017ರಲ್ಲಿ ವಿಂಡೋಸ್‌ಗೆ ವಾಪಸ್ ಹೋಗಲು ಮತ ಹಾಕಿತು. ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ, ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳಿಗೆ ಮೈಕ್ರೋಸಾಫ್ಟ್ ಆಫೀಸ್ ಬದಲು ಲಿಬ್ರೆ ಆಫೀಸ್ ಎಂಬ ಓಪನ್ ಸೋರ್ಸ್ ಸಾಫ್ಟ್‌ವೇರ್ ಹಾಕುತ್ತೇವೆ ಅಂತ ಹೇಳಿತು. ಇದರ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ. ನನಗೆ ಇದಕ್ಕಿಂತ ದೊಡ್ಡ ಸುದ್ದಿ ಅನ್ನಿಸಿದ್ದು, 2022ರಲ್ಲಿ ಜರ್ಮನ್ ಸರ್ಕಾರ ಇಂಥ ತಳಪಾಯದ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ದುಡ್ಡು ಕೊಡಲು ಸಾವರಿನ್ ಟೆಕ್ ಫಂಡ್ ಶುರು ಮಾಡಿದ್ದು. ಅದರ ಬಗ್ಗೆ ಇವತ್ತಿನವರೆಗೆ ನನಗೆ ಒಂದು ಪ್ರಶ್ನೆಯೂ ಬಂದಿಲ್ಲ.