ಎಲೆಯ ತೂಬು ಮುಚ್ಚುವ ನೀರುಗಂಟಿ

ಮಂಡ್ಯ ಸೀಮೆಯಲ್ಲಿ ‘ಕಟ್ಟು ನೀರು’ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ 124.80 ಅಡಿ ಮುಟ್ಟದ ವರ್ಷ ವಿಶ್ವೇಶ್ವರಯ್ಯ ನಾಲೆಗೆ ಇಷ್ಟು ದಿನ ನೀರು, ಆಮೇಲೆ ಇಷ್ಟು ದಿನ ಬಂದ್. ಕೊನೇ ಭಾಗದವರಿಗೆ ಆ ಸರದಿಯೂ ನೆಟ್ಟಗೆ ತಲುಪುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಇಲ್ಲಿನ ಗದ್ದೆಬಯಲು ಕಂಡದ್ದು ಇದನ್ನೇ.

ನಾಲೆ ಬಂದ್ ಆದ ಮೇಲೆ ಪೈರು ಸುಮ್ಮನೆ ಕೂರುವುದಿಲ್ಲ. ಎಲೆಯೊಳಗೂ ಒಂದು ಕಟ್ಟು ಪದ್ಧತಿ ಇದೆ. ಎಲೆಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೊಂದಕ್ಕೂ ಎರಡು ಕಾವಲು ಕೋಶಗಳು, ತೂಬಿನ ಎರಡು ಬಾಗಿಲಿನ ಹಾಗೆ. ಬಾಗಿಲು ತೆರೆದರೆ ಇಂಗಾಲದ ಡೈಆಕ್ಸೈಡ್ ಒಳಕ್ಕೆ, ನೀರಾವಿ ಹೊರಕ್ಕೆ. ಮಣ್ಣು ಒಣಗಿದಾಗ ‘ಬಾಗಿಲು ಹಾಕು’ ಎಂಬ ಸುದ್ದಿ ತರುವ ಹಾರ್ಮೋನಿಗೆ ಅಬ್ಸಿಸಿಕ್ ಆಮ್ಲ ಎಂದು ಹೆಸರು; ಗಿಡ ಅದನ್ನು ತನ್ನ ಹಳದಿ ಬಣ್ಣದ ಕ್ಯಾರೊಟಿನಾಯ್ಡ್‌ಗಳನ್ನು ಮುರಿದು ತಯಾರಿಸುತ್ತದೆ. ವಿಜ್ಞಾನಿಗಳ ಬಾಯಲ್ಲಿ ಅದು ಎಬಿಎ.

ಆ ಹೆಸರೇ ಒಂದು ಎಡವಟ್ಟು. 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಫ್ರೆಡರಿಕ್ ಆಡಿಕಾಟ್ ಅವರ ತಂಡ ಹುಡುಕುತ್ತಿದ್ದದ್ದು ಬರದ ಗುಟ್ಟನ್ನಲ್ಲ, ಹತ್ತಿಯ ಎಳೆಗಾಯಿ ಯಾಕೆ ಉದುರುತ್ತದೆ ಎಂಬುದನ್ನು. ಸಿಕ್ಕ ವಸ್ತುವಿಗೆ ‘ಉದುರು’ ಎಂಬರ್ಥದ ಪದದಿಂದ ಅಬ್ಸಿಸಿನ್ ಎಂದು ಕರೆದರು. ಅದೇ ಹೊತ್ತಿಗೆ ವೇಲ್ಸ್‌ನಲ್ಲಿ ಫಿಲಿಪ್ ವೇರಿಂಗ್ ಅವರ ತಂಡ, ಮರದ ಮೊಗ್ಗು ನಿದ್ದೆಗೆ ಜಾರುವುದು ಹೇಗೆ ಎಂದು ಕೆದಕುತ್ತ ಡಾರ್ಮಿನ್ ಎಂಬುದನ್ನು ಹಿಡಿದಿತ್ತು. 1965ರ ಹೊತ್ತಿಗೆ ಎರಡೂ ಒಂದೇ ಎಂದು ಗೊತ್ತಾಯಿತು. ಎಲೆ, ಕಾಯಿ ಉದುರಿಸುವುದರಲ್ಲಿ ಎಥಿಲೀನ್ ಅನಿಲದ್ದೇ ಮುಖ್ಯ ಕೈವಾಡ ಎಂದು ತಿಳಿದದ್ದು ಆಮೇಲೆ. ಅಷ್ಟರಲ್ಲಿ ಹೆಸರು ಗಟ್ಟಿಯಾಗಿತ್ತು.

ಬರದ ನಂಟು ಬಯಲಾದದ್ದು 1969ರಲ್ಲಿ. ಕಿತ್ತ ಗೋಧಿ ಎಲೆಯನ್ನು ಬಾಡಲು ಬಿಟ್ಟರೆ ಎಬಿಎ ಏರುತ್ತದೆ ಎಂದು ಒಂದು ಪ್ರಯೋಗ ತೋರಿಸಿತು. ಅದೇ ವರ್ಷ ಇನ್ನೊಂದು ತಂಡ, ಎಲೆಗೆ ಎಬಿಎ ಕೊಟ್ಟರೆ ರಂಧ್ರ ಮುಚ್ಚುತ್ತದೆ ಎಂದು ವರದಿ ಮಾಡಿತು. ಓಲೆ ಸಿಕ್ಕಿತು, ಅದರಲ್ಲಿ ಬರೆದದ್ದೂ ತಿಳಿಯಿತು. ಆದರೆ ಅದನ್ನು ಒಡೆದು ಓದುವ ನೀರುಗಂಟಿ, ಅಂದರೆ ತೂಬು ತೆರೆದು ಮುಚ್ಚುವ ಆಳು, ಯಾರು? ಈ ಪ್ರಶ್ನೆಗೆ ಉತ್ತರ ಸಿಗಲು ಮತ್ತೆ 40 ವರ್ಷ ಬೇಕಾಯಿತು.

ನಡುವೆ ಸುಳ್ಳು ಸುಳಿವುಗಳೂ ಬಂದವು. 2006ರಲ್ಲಿ ‘ಇವನೇ’ ಎಂದು ‘ನೇಚರ್’ ಪತ್ರಿಕೆಯಲ್ಲಿ ಹೆಸರಿಸಿದ ಒಂದು ಪ್ರೊಟೀನಿನ ಪ್ರಬಂಧವನ್ನು 2008ರಲ್ಲಿ ವಾಪಸ್ ಪಡೆಯಬೇಕಾಯಿತು. 2007ರಲ್ಲಿ ಬಂದ ಮತ್ತೊಂದು ಹೆಸರಿಗೂ ತಕ್ಷಣವೇ ತಕರಾರು ಬಂತು. ಕೊನೆಗೆ 2009ರಲ್ಲಿ ಕ್ಯಾಲಿಫೋರ್ನಿಯಾದ ಶಾನ್ ಕಟ್ಲರ್ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ಅವರ ತಂಡಗಳು ಬೇರೆಬೇರೆ ದಾರಿಯಲ್ಲಿ ಒಂದೇ ಪ್ರೊಟೀನ್ ಕುಟುಂಬಕ್ಕೆ ಬಂದು ತಲುಪಿದವು.

ಇಷ್ಟು ತಡವಾಗಿದ್ದೇಕೆ ಎಂಬುದೇ ಈ ಕಥೆಯಲ್ಲಿ ನನಗೆ ಇಷ್ಟವಾದ ಭಾಗ. ಒಂದು ಜೀನ್‌ನ ಕೆಲಸ ತಿಳಿಯಬೇಕಾದರೆ ಅದನ್ನು ಕೆಡಿಸಿ ಗಿಡಕ್ಕೇನಾಗುತ್ತದೆ ಎಂದು ನೋಡುವುದು ವಾಡಿಕೆ. ಸಾಸಿವೆಯ ನೆಂಟನಾದ ಅರಬಿಡಾಪ್ಸಿಸ್ ಎಂಬ ಪ್ರಯೋಗಶಾಲೆಯ ಗಿಡದಲ್ಲಿ ಎಬಿಎಯ ಓಲೆ ಓದುವ ಈ ಪ್ರೊಟೀನ್‌ಗಳು (ಇವಕ್ಕೆ ‘ಗ್ರಾಹಕ’ ಎಂದು ಹೆಸರು) 14. ಒಬ್ಬ ನೀರುಗಂಟಿ ರಜೆ ಹಾಕಿದರೆ ಉಳಿದ 13 ಮಂದಿ ತೂಬು ನೋಡಿಕೊಳ್ಳುತ್ತಾರೆ. ಗದ್ದೆಯಲ್ಲಿ ವ್ಯತ್ಯಾಸವೇ ಕಾಣದು. ಕಟ್ಲರ್ ತಂಡ ಬಳಸಿದ್ದು ಪೈರಬ್ಯಾಕ್ಟಿನ್ ಎಂಬ ಕೃತಕ ರಾಸಾಯನಿಕ. ಅದು ಎಲ್ಲರನ್ನೂ ಕೂಗುವುದಿಲ್ಲ, ಕೆಲವರನ್ನು ಮಾತ್ರ. ಆ ಕೂಗಿಗೆ ಓಗೊಡದ ಸಸಿಗಳನ್ನು ಆರಿಸಿ ನೋಡಿದಾಗ ಕೆಟ್ಟಿದ್ದ ಜೀನ್ ಸಿಕ್ಕಿಬಿತ್ತು.

ಕೆಲಸ ನಡೆಯುವುದು ಸುತ್ತುಬಳಸಿ. ರಂಧ್ರ ಮುಚ್ಚಿಸಬಲ್ಲ ಕಿಣ್ವವೊಂದು ಕಾವಲು ಕೋಶದಲ್ಲಿ ಸದಾ ಇರುತ್ತದೆ, ಆದರೆ ಇನ್ನೊಂದು ಕಿಣ್ವ ಅದರ ಕೈ ಕಟ್ಟಿಹಾಕಿರುತ್ತದೆ. ಎಬಿಎ ಬಂದು ಗ್ರಾಹಕದ ಪೊಟರೆಯಲ್ಲಿ ಕೂತೊಡನೆ ಅದರ ಮುಚ್ಚಳ ಬೀಳುತ್ತದೆ. ಹಾಗೆ ಮುಚ್ಚಿಕೊಂಡ ಗ್ರಾಹಕ ಹೋಗಿ, ಕಟ್ಟಿಹಾಕಿದ್ದವನನ್ನೇ ಹಿಡಿದುಕೊಳ್ಳುತ್ತದೆ. ಬಿಡುಗಡೆಯಾದ ಕಿಣ್ವ ಕೋಶಪೊರೆಯ ಕಾಲುವೆಗಳನ್ನು ತೆರೆಯುತ್ತದೆ, ಲವಣ ಹೊರಗೆ ಹರಿಯುತ್ತದೆ, ಹಿಂದೆಯೇ ನೀರು. ಉಬ್ಬಿದ್ದ ಕೋಶಗಳು ಸೊರಗಿ ಬಾಗಿಲು ಹತ್ತಿರವಾಗುತ್ತದೆ. ಎಲ್ಲ ಕೆಲವೇ ನಿಮಿಷಗಳ ಮಾತು.

ಬಾಯಾರಿಕೆ ಮೊದಲು ತಿಳಿಯುವುದು ಬೇರಿಗೆ. ಅದು ಎಲೆಗೆ ಹೇಳಿ ಕಳಿಸುವ ಒಂದು ಬಗೆ 2018ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ತಿಳಿಯಿತು: ಸಿಎಲ್‌ಇ25 ಎಂಬ ಪೆಪ್ಟೈಡ್, ಅಂದರೆ ಪುಟ್ಟ ಪ್ರೊಟೀನ್ ತುಣುಕು, ಮೇಲೆ ಹೋಗಿ, ಎಲೆಯಲ್ಲೇ ಎಬಿಎ ತಯಾರಾಗುವಂತೆ ಮಾಡುತ್ತದೆ.

ಹಾಗಾದರೆ ಎಬಿಎಯನ್ನೇ ಸಿಂಪಡಿಸಿದರಾಯಿತಲ್ಲ? ದುಬಾರಿ, ಸಾಲದ್ದಕ್ಕೆ ಬಿಸಿಲಿಗೆ ಬೇಗ ಕೆಡುತ್ತದೆ. 2019ರಲ್ಲಿ ಕಟ್ಲರ್ ತಂಡವೇ ಎಬಿಎಗಿಂತ ಪ್ರಬಲವಾದ ಓಪಬ್ಯಾಕ್ಟಿನ್ ರೂಪಿಸಿ ಗೋಧಿ, ಟೊಮೆಟೊ ಮೇಲೆ ನೋಡಿತು. (ವಿಡಿಯೊ ಗೇಮ್ ಹುಡುಗರು ‘ಓವರ್‌ಪವರ್ಡ್’ ಎನ್ನಲು ಬಳಸುವ ‘ಓಪಿ’ಯೇ ಈ ಹೆಸರಿನ ಮೂಲ.) ಆದರೂ ಬಾಟಲಿಯಲ್ಲಿ ಬರ ಪರಿಹಾರ ಬರುತ್ತದೆಂದು ಕಾಯುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಕೂಡ ಹೊರಗೇ ಉಳಿಯುತ್ತದೆ. ಅಂದರೆ ಪೈರು ಜೀವ ಹಿಡಿದುಕೊಳ್ಳುವುದು ಇಳುವರಿಯ ಖರ್ಚಿನಲ್ಲಿ.

ಭತ್ತಕ್ಕೆ ಈ ಖರ್ಚು ಜಾಸ್ತಿ. ರಾಗಿಗೆ ಕಮ್ಮಿ, ಇಂಗಾಲದ ಡೈಆಕ್ಸೈಡನ್ನು ಎಲೆಯೊಳಗೆ ಒಂದೆಡೆ ಒಟ್ಟುಹಾಕಿಕೊಳ್ಳುವ ಏರ್ಪಾಡು ಅದಕ್ಕಿರುವುದರಿಂದ ಬಾಗಿಲು ಅರ್ಧ ಹಾಕಿಕೊಂಡೂ ಅಡುಗೆ ನಡೆಸುತ್ತದೆ. ‘ರಾಗಿ ಲಕ್ಷ್ಮಣಯ್ಯ’ ಎಂದೇ ಜನ ಕರೆದ ತಳಿ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟಾಗ ಈ ಗ್ರಾಹಕಗಳ ಸುದ್ದಿ ಜಗತ್ತಿಗೇ ಗೊತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ಮಾತ್ರ ಲೆಕ್ಕ ಬೇರೆ: ಪೈರು ತೆಂಡೆ ಒಡೆಯುವಾಗ ನಾಲೆ ಬಂದ್ ಆದರೆ ನೀರು ಬಂದ ಮೇಲೆ ಅಷ್ಟಿಷ್ಟು ಚೇತರಿಸಿಕೊಳ್ಳುತ್ತದೆ, ಹೂವಿನ ಹೊತ್ತಿನಲ್ಲಿ ಬಂದ್ ಆದರೆ ತೆನೆಯಲ್ಲಿ ಜೊಳ್ಳು.